ಇಲಿ ಕಡಿದ ತಂತಿಯೂ ಇಪ್ಪತ್ತನಾಲ್ಕು ಗಾಜಿನ ತಟ್ಟೆಗಳೂ

ಇಪ್ಪತ್ತನಾಲ್ಕು ತಟ್ಟೆ, ತಲಾ 650 ರೂಪಾಯಿ, ಜೂನ್ ಮುಗಿಯುವುದರೊಳಗೆ ಕೈಗೆ ಸೇರಬೇಕು. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಹೋಂಸ್ಟೇ ನಡೆಸುವ ದಂಪತಿ ಇಷ್ಟಕ್ಕೆ ಒಪ್ಪಿ ಅರ್ಧ ಹಣವನ್ನು ಮುಂಗಡವಾಗಿ ಕಳಿಸಿದ ದಿನ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಆ ಹಿಗ್ಗು ಐದು ದಿನ ಬಾಳಿತು. ಆಮೇಲೆ ಭಟ್ಟಿಯ ಮುಚ್ಚಳ ಎತ್ತಿದೆ.

ಮೊದಲು ಭಟ್ಟಿಯ ವಿಷಯ. ನಾನು ಗಾಜು ಊದುವವಳಲ್ಲ. ಊದುವವರಿಗೆ ಕರಗಿದ ಗಾಜು ಕಣ್ಣೆದುರೇ ಇರುತ್ತದೆ, ಕೈ ತಪ್ಪಿದರೆ ಆಗಲೇ ತಿಳಿಯುತ್ತದೆ. ನನ್ನದು ತಣ್ಣನೆಯ ಗಾಜಿನ ಹಾಳೆಗಳನ್ನು ಕತ್ತರಿಸಿ, ಜೋಡಿಸಿ, ಭಟ್ಟಿಯಲ್ಲಿಟ್ಟು ಮುಚ್ಚಳ ಹಾಕಿ ಕಾಯುವ ಕೆಲಸ. ಒಮ್ಮೆ ಕಾಯಿಸಿ ಪದರಗಳನ್ನು ಬೆಸೆಯಬೇಕು. ತಣ್ಣಗಾದ ಮೇಲೆ ಆ ಬಿಲ್ಲೆಯನ್ನು ಮಣ್ಣಿನ ಅಚ್ಚಿನ ಮೇಲಿಟ್ಟು, ಕಡಿಮೆ ಕಾವಿನಲ್ಲಿ ಇನ್ನೊಮ್ಮೆ ಕಾಯಿಸಿ, ತನ್ನ ತೂಕಕ್ಕೆ ತಾನೇ ಬಾಗಿ ಅಚ್ಚಿನೊಳಗೆ ಕೂರುವಂತೆ ಮಾಡಬೇಕು. ಒಳಗೆ ಏನು ನಡೆಯುತ್ತಿದೆ ಎಂದು ಹೇಳುವುದು ಗೋಡೆಯ ಮೇಲಿನ ಕಂಟ್ರೋಲರಿನ ಕೆಂಪು ಅಂಕಿಗಳು ಮಾತ್ರ. ಅವನ್ನು ನಾನು ವೇದವಾಕ್ಯದಂತೆ ನಂಬಿದ್ದೆ.

ಮೂರು ವರ್ಷದ ಹಿಂದೆ ಈ ಭಟ್ಟಿಯನ್ನು ಮೈಸೂರಿನ ಒಂದು ಬಾಡಿಗೆ ಶೆಡ್ಡಿನಲ್ಲಿ ನಾನೇ ಕಟ್ಟಿದೆ. ಕಬ್ಬಿಣದ ಆಂಗಲ್ ಚೌಕಟ್ಟು, ಒಳಗೆ ಕಾವು ತಡೆಯುವ ಹಗುರ ಇಟ್ಟಿಗೆ, ಮುಚ್ಚಳಕ್ಕೆ 1260 ಡಿಗ್ರಿ ದರ್ಜೆಯ ಸೆರಾಮಿಕ್ ಫೈಬರ್ ಹೊದಿಕೆ. ಗಾಜು ಇಡುವ ಹಲಗೆ 50 ಸೆಂ.ಮೀ. ಚೌಕ. ಮಡಕೆ ಸುಡುವ ವಿದ್ಯುತ್ ಭಟ್ಟಿಗಳಲ್ಲಿ ಕಾವು ಕೊಡುವ ಸುರುಳಿ ಸುತ್ತಲಿನ ಗೋಡೆಯಲ್ಲಿರುತ್ತದೆ. ಅಗಲವಾದ ಗಾಜಿಗೆ ಅದು ಆಗದು: ಅಂಚು ಒಂದು ಕಾವಿನಲ್ಲೂ ನಡುಭಾಗ ಇನ್ನೊಂದರಲ್ಲೂ ಇದ್ದರೆ ಗಾಜು ಸೀಳುತ್ತದೆ. ಹಾಗಾಗಿ ನನ್ನ ಸುರುಳಿಗಳು ಮುಚ್ಚಳದಲ್ಲಿವೆ. ಹೀಟರುಗಳಲ್ಲಿ ಬಳಸುವ ಕಾಂಥಾಲ್ ಮಿಶ್ರಲೋಹದ 1.6 ಮಿ.ಮೀ. ದಪ್ಪದ ತಂತಿ, ತಲಾ ಸುಮಾರು 29 ಮೀಟರಿನ ಎರಡು ಸುರುಳಿ, ಒಂದೊಂದು 21 ಓಮ್. 230 ವೋಲ್ಟಿನಲ್ಲಿ ಒಂದೊಂದಕ್ಕೆ ಎರಡೂವರೆ ಕಿಲೋವಾಟ್, ಒಟ್ಟು ಐದು. ಕಾಂಥಾಲ್ ಒಮ್ಮೆ ಚೆನ್ನಾಗಿ ಕಾದ ಮೇಲೆ ಒಣಗಿದ ಕಡ್ಡಿಯಂತೆ ಪೆಡಸಾಗುತ್ತದೆ, ತಣ್ಣಗಿರುವಾಗ ಬಗ್ಗಿಸಲು ಹೋದರೆ ಲಟಕ್ಕನೆ ಮುರಿಯುತ್ತದೆ. ಈ ಕಥೆಗೆ ಅದು ಬೇಕಿಲ್ಲ, ಆದರೆ ಎರಡು ಸಲ ಮುರಿದುಕೊಂಡವಳು ಹೇಳದೆ ಇರಲಾರೆ.

ಈ ಮೇ ತಿಂಗಳಲ್ಲಿ ನಾನು ಊರಲ್ಲಿಲ್ಲದಾಗ ಇಲಿಯೊಂದು ಭಟ್ಟಿಯ ಕಾವಿನ ಸುಳಿವು ಕೊಡುವ ಸಲಕರಣೆಯಾದ ಥರ್ಮೋಕಪಲ್‌ನಿಂದ ಕಂಟ್ರೋಲರಿಗೆ ಹೋಗುವ ತಂತಿಯನ್ನು ಕಡಿದು ಹಾಕಿತು. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರಿಗೆ ಫೋನ್ ಮಾಡಿದೆ. ಬಂದು ಹೊಸ ತಂತಿ ಎಳೆದರು, ಕಂಟ್ರೋಲರ್ 31 ಡಿಗ್ರಿ ತೋರಿಸುತ್ತಿದೆ ಎಂದು ಫೋಟೊ ಕಳಿಸಿದರು. ಶೆಡ್ಡಿನ ಸೆಕೆಯೂ ಅಷ್ಟೇ ಇರಬಹುದಾದ ದಿನ. ಸರಿಯಾಯಿತು ಎಂದುಕೊಂಡೆ.

ಗಾಜಿನ ಆಯ್ಕೆ

ನಾನು ಬಳಸುವುದು ಕಿಟಕಿಗೆ ಹಾಕುವ 3.5 ಮಿ.ಮೀ. ಫ್ಲೋಟ್ ಗಾಜು. ಬೆಸೆಯಲೆಂದೇ ತಯಾರಾಗುವ ಬಣ್ಣದ ಗಾಜು ಅಮೆರಿಕದ ಪೋರ್ಟ್‌ಲೆಂಡಿನ ಬುಲ್ಸ್‌ಐ ಮುಂತಾದ ಕಂಪನಿಗಳಿಂದ ಬರುತ್ತದೆ. ಸಾಗಣೆ, ಸುಂಕ ಎಲ್ಲ ಸೇರಿದರೆ ತಿಂಡಿ ತಟ್ಟೆಗೆ ಆ ಬೆಲೆ ಹೊಂದುವುದಿಲ್ಲ. ಎರಡು ಪದರ ಸೇರಿ 7 ಮಿ.ಮೀ. ಆಗುವಂತೆ ನೋಡಿಕೊಳ್ಳುವುದಕ್ಕೆ ಕಾರಣವಿದೆ. ಪೂರ್ತಿ ಕರಗಿದ ಗಾಜು ತಾನಾಗಿ ಆರೇಳು ಮಿ.ಮೀ. ದಪ್ಪಕ್ಕೆ ಬಂದು ನಿಲ್ಲಲು ನೋಡುತ್ತದೆ. ಒಂದೇ ಪದರವಿಟ್ಟರೆ ಬದಿಗಳು ಒಳಕ್ಕೆ ಎಳೆದುಕೊಂಡು ಚೌಕ ಹೋಗಿ ದಿಂಬಿನ ಆಕಾರ ಆಗುತ್ತದೆ. ಎರಡಿಟ್ಟರೆ ಇದ್ದಲ್ಲೇ ಇರುತ್ತದೆ. ಒಂದು ತಟ್ಟೆಯ ಎರಡೂ ಪದರವನ್ನು ಒಂದೇ ಹಾಳೆಯಿಂದ ಕತ್ತರಿಸುತ್ತೇನೆ. ಬೇರೆ ಬೇರೆ ಕಾರ್ಖಾನೆಯ ಕಿಟಕಿ ಗಾಜುಗಳು ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ ಎಂದು ಯಾರೂ ಮಾತು ಕೊಟ್ಟಿಲ್ಲ.

ಫ್ಲೋಟ್ ಗಾಜಿಗೆ ಎರಡು ಮೈ. ಬ್ರಿಟನ್ನಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಜಗತ್ತಿಗೆ ತಿಳಿಸಿದ ಈ ವಿಧಾನದಲ್ಲಿ ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಬಿಡುತ್ತಾರೆ. ತವರ ತಾಗಿದ ಮೈಯಲ್ಲಿ ಅದರ ಅಂಶ ಚೂರು ಉಳಿಯುತ್ತದೆ. ಆ ಮೈ ತಟ್ಟೆಯ ಒಳಬದಿಗೆ ಬಂದು, ಬಾಗುವಾಗ ಇಕ್ಕಟ್ಟಿಗೆ ಸಿಕ್ಕರೆ ಬೆಳಗಿನ ಮಂಜು ಹಿಡಿದಂಥ ಮಸುಕು ಬರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆದ್ದರಿಂದ ತವರದ ಮೈ ಯಾವಾಗಲೂ ಕೆಳಗೆ. ಯಾವುದು ಎಂದು ತಿಳಿಯಲು 254 ನ್ಯಾನೊಮೀಟರಿನ ಅಲ್ಟ್ರಾವಯಲೆಟ್ ದೀಪ ಬೇಕು. ಕತ್ತಲಲ್ಲಿ ತವರದ ಮೈ ಹಾಲಿನಂತೆ ಮಿನುಗುತ್ತದೆ. ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ದೀಪ ಇದಕ್ಕೆ ಆಗದು. ಈ ದೀಪವನ್ನು ಬರಿಗಣ್ಣಿನಿಂದ ನೋಡಬಾರದು.

ಆ ದಂಪತಿ ಮೊದಲು ಕೇಳಿದ್ದು ಬಣ್ಣದ ಬಳೆಚೂರು ಸೇರಿಸಿದ ತಟ್ಟೆ. ನನಗೂ ಆಸೆಯೇ. ಚಿಕ್ಕಂದಿನಲ್ಲಿ ಅಜ್ಜಿಯ ಮನೆಯಲ್ಲಿ ಒಡೆದ ಬಳೆಗಳನ್ನು ದೀಪದ ಉರಿಗೆ ಹಿಡಿದು ಮೆತ್ತಗಾದಾಗ ಬಗ್ಗಿಸಿ, ಒಂದಕ್ಕೊಂದು ಕೋದು ಬಾಗಿಲಿಗೆ ತೋರಣ ಮಾಡುತ್ತಿದ್ದೆವು. ಈಗ ಯೋಚಿಸಿದರೆ ನನ್ನ ಕಸುಬು ಅಲ್ಲೇ ಶುರುವಾದದ್ದು. ಆದರೆ ಬಳೆ ಬಳೆಗೆ ಕೋದುಕೊಂಡರೆ ತೊಂದರೆಯಿಲ್ಲ. ಬಳೆಯ ಗಾಜನ್ನು ಕಿಟಕಿ ಗಾಜಿನೊಳಗೆ ಬೆಸೆದರೆ ಕರಗುವಾಗ ಒಂದಾಗುತ್ತವೆ, ತಣ್ಣಗಾಗುವಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಮಾದರಿಗೆಂದು ಮಾಡಿದ ತುಂಡು ಭಟ್ಟಿಯಿಂದ ಚಂದವಾಗಿಯೇ ಹೊರಬಂತು. ಮೂರನೆಯ ದಿನ ಕಪಾಟಿನಲ್ಲಿ ಯಾರೂ ಮುಟ್ಟದೆ ‘ಟಪ್’ ಎಂದು ಸೀಳಿತು. ತಿನ್ನುವ ತಟ್ಟೆಗೆ ಅಂಥ ಗಾಜು ಬೇಡವೆಂದು ತಾಮ್ರಕ್ಕೆ ಬಂದೆವು. ತಾಮ್ರ ಗಾಜಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕುಗ್ಗುತ್ತದೆ ನಿಜ, ಆದರೆ ಕಾಗದದಷ್ಟು ತೆಳುವಾದ ಹಾಳೆಗೆ ಗಾಜನ್ನು ಸೀಳುವ ತಾಕತ್ತಿಲ್ಲ. ಕತ್ತರಿಯಿಂದ ಕಾಫಿ ಎಲೆಯ ಆಕಾರಕ್ಕೆ ಕತ್ತರಿಸಿ, ಮೊನೆಯಿಲ್ಲದ ಪೆನ್ನಿನಿಂದ ನರಗಳನ್ನು ಗೀರಿ ನಡುವೆ ಇಟ್ಟರೆ, ಬೆಂದ ಮೇಲೆ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ, ಅಂಚಿನಲ್ಲಿ ತೆಳುವಾಗಿ ಹಸಿರು ನೀಲಿ ಬಿಡುತ್ತದೆ.

ಅಚ್ಚಿಗೆ ಕುಂಬಾರಗೇರಿಯ ಹಿರಿಯರೊಬ್ಬರ ಬಳಿ ಹೋದೆ. “ಗಣೇಶನ ಕೆಲಸ ತಲೆಯ ಮೇಲೆ ಬಂದು ಕೂತಿರುವಾಗ ಬಂದಿದ್ದೀಯಲ್ಲಮ್ಮ” ಎಂದರು.

“ನಾಲ್ಕೇ ನಾಲ್ಕು ಸಾಕು ತಾತ. ಒಂದೇ ಸಲ ಸುಟ್ಟಿರಲಿ, ಹೊಳಪು ಹಾಕಬೇಡಿ. ತಳದಲ್ಲಿ ಅಲ್ಲಲ್ಲಿ ತೂತು ಬೇಕು.”

“ತೂತಿನ ತಟ್ಟೆಯಲ್ಲಿ ಏನು ಮಾಡುತ್ತೀಯೆ, ಇಡ್ಲಿಯೇ?”

ಗಾಜು ಇಳಿಯುವಾಗ ಕೆಳಗಿನ ಗಾಳಿ ಹೋಗಲು ದಾರಿ ಬೇಕು ಎಂದೆ. ಹಾಗಾದರೆ ಇಡ್ಲಿಯೇ ಸರಿ ಎಂದು ನಕ್ಕರು. ಒಂದಕ್ಕೆ 150 ರೂಪಾಯಿ.

ಜೂನ್ 9

ಹಲಗೆಗೂ ಅಚ್ಚಿಗೂ ಚೀನಾ ಮಣ್ಣು ಮತ್ತು ಅಲ್ಯುಮಿನಾ ಹೈಡ್ರೇಟ್ ಸಮಸಮ ತೂಗಿ ನೀರಿನಲ್ಲಿ ಕಲಸಿದ ಲೇಪವನ್ನು ಐದು ಸಲ ಬಳಿದು ಒಣಗಿಸಿದ್ದೆ. ಅದಿಲ್ಲದಿದ್ದರೆ ಗಾಜು ಹಲಗೆಗೆ ಕಚ್ಚಿಕೊಳ್ಳುತ್ತದೆ. ಹಲಗೆಯ ಮೇಲೆ 20 ಸೆಂ.ಮೀ. ಚೌಕಗಳು ನಾಲ್ಕು ಹಿಡಿಯುತ್ತವೆ. ಮೊದಲ ನಾಲ್ಕನ್ನು ಹಿಂದಿನ ರಾತ್ರಿ ಬೆಸೆಯಲು ಇಟ್ಟು, ಬೆಳಿಗ್ಗೆ ಚಹಾ ಲೋಟ ಹಿಡಿದು ಮುಚ್ಚಳ ಎತ್ತಿದೆ.

ಗಾಜಿನ ತಳಕ್ಕೆ ಲೇಪ ಸುಣ್ಣದಂತೆ ಮೆತ್ತಿಕೊಂಡಿತ್ತು. ಎಲೆಗಳ ಮೇಲೆ ಹುಣಸೆ ಬೀಜದಷ್ಟು ಗಾತ್ರದ ಗುಳ್ಳೆಗಳು. ಒಂದೆರಡು ಮೇಲಕ್ಕೆ ಬಂದು ಒಡೆದು ಬಾಯಿ ಬಿಟ್ಟಿದ್ದವು. ಮೇಲ್ಮೈಯಲ್ಲಿ ಅಲ್ಲಲ್ಲಿ ಬಿಳಿ ಪೊರೆ. ಆ ಪೊರೆ ಹಳೆಯ ಪರಿಚಯ: ಹೆಚ್ಚು ಕಾವಿನಲ್ಲಿ ಹೆಚ್ಚು ಹೊತ್ತು ಇದ್ದರೆ ಗಾಜಿನ ಮೈ ಹರಳುಗಟ್ಟತೊಡಗುತ್ತದೆ, ಕಿಟಕಿ ಗಾಜಿಗೆ ಈ ಚಾಳಿ ಜಾಸ್ತಿ.

ಗಾಜು ತೊಳೆದ ಬೋರ್‌ವೆಲ್ ನೀರಿನ ತಪ್ಪು ಎಂದುಕೊಂಡೆ. ಲೇಪ ತೆಳುವಾಯಿತು ಎಂದುಕೊಂಡೆ. ಮಳೆ ಹಿಡಿದಿತ್ತು, ಲೇಪ ಒಳಗೊಳಗೇ ಹಸಿಯಿತ್ತು ಎಂದೂ ಅಂದುಕೊಂಡೆ. ಕಂಟ್ರೋಲರನ್ನು ಬಿಟ್ಟು ಉಳಿದ ಎಲ್ಲವನ್ನೂ ಅನುಮಾನಿಸಿದೆ.

ಜೂನ್ 11

ಆರ್‌ಓ ನೀರಿನಲ್ಲಿ ತೊಳೆದು, ಲೇಪ ಹೊಸದಾಗಿ ಬಳಿದು, 120 ಡಿಗ್ರಿಯಲ್ಲಿ ಹಲಗೆ ಒಣಗಿಸಿ, ಗಾಳಿ ಹೊರಗೆ ಹೋಗಲೆಂದು 670ರಲ್ಲಿ ನಿಲ್ಲಿಸುವ ಹೊತ್ತನ್ನು ಇಮ್ಮಡಿ ಮಾಡಿ ಮತ್ತೆ ನಾಲ್ಕು. ಎರಡು ಹೋದವು, ಎರಡು ಸುಮಾರಾಗಿದ್ದವು.

ಜೂನ್ 13

ಸುಮಾರಾದ ಎರಡನ್ನು ಅಚ್ಚಿನ ಮೇಲಿಟ್ಟು 690ರಲ್ಲಿ ಬಾಗಿಸಿದೆ. ಹೊರತೆಗೆದು ಬೋರಲು ಹಾಕಿದರೆ ತಳದಲ್ಲಿ ಸಾಲಾಗಿ ಸಾಸಿವೆ ಕಾಳಿನಂಥ ಗುಬುಟುಗಳು. ಗಾಜು ಅಚ್ಚಿನಲ್ಲಿ ಕೂತು ಸುಮ್ಮನಾಗದೆ ತಾತ ಕೊರೆದ ತೂತುಗಳ ಒಳಕ್ಕೂ ಇಳಿದಿತ್ತು. ಅಚ್ಚಿನ ಮೇಲೆ ಅವರ ಹೆಬ್ಬೆರಳಿನ ಗುರುತೊಂದು ಉಳಿದಿತ್ತು, ಅದರ ಗೆರೆಗಳೂ ಗಾಜಿನ ಮೇಲೆ ಅಚ್ಚೊತ್ತಿದ್ದವು. 690ರಲ್ಲಿ ಹೀಗಾಗುವುದಿಲ್ಲ. ಅಂದು ರಾತ್ರಿ ಮೊದಲ ಬಾರಿ ಆ ಕೆಂಪು ಅಂಕಿಗಳ ಮೇಲೆ ಅನುಮಾನ ಬಂತು.

ಜೂನ್ 15

ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಮಲ್ಟಿಮೀಟರಿನಿಂದ ಸುರುಳಿಗಳನ್ನು ಅಳೆದೆ. 21.3, 21.4 ಓಮ್. ಅವು ಸರಿಯಾಗಿವೆ. ಥರ್ಮೋಕಪಲ್ ತುದಿಯ ಬೆಸುಗೆಯೂ ಗಟ್ಟಿ.

ಹಳೆಯ ನೋಟ್‌ಬುಕ್ಕಿನಲ್ಲಿ ಕಳೆದ ವರ್ಷದ ಒಂದು ಪರೀಕ್ಷೆ ಇತ್ತು. ಎರಡು ಸೆಂ.ಮೀ. ಅಗಲದ ಗಾಜಿನ ಪಟ್ಟಿಯನ್ನು 20 ಸೆಂ.ಮೀ. ಅಂತರದ ಎರಡು ಇಟ್ಟಿಗೆ ತುಂಡುಗಳ ಮೇಲೆ ಸೇತುವೆಯಂತೆ ಇಟ್ಟು, ಇಣುಕು ತೂತಿನಿಂದ ನೋಡುತ್ತ ನಿಧಾನ ಕಾಯಿಸಿದರೆ, ಅದು ಮೊದಲು ಬಾಗಲು ಶುರುವಾದ ಅಂಕಿಯನ್ನು ಬರೆದಿಟ್ಟಿದ್ದೆ. ಅದೇ ಪಟ್ಟಿ, ಅದೇ ಅಂತರ, ಅದೇ ವೇಗ. ಈ ಸಲ ಆ ಅಂಕಿಗೆ ಇನ್ನೂ ಮೂವತ್ತು ಡಿಗ್ರಿ ಇರುವಾಗಲೇ ಪಟ್ಟಿಯ ನಡು ಇಳಿಯಿತು. ಅಂದರೆ ಭಟ್ಟಿಯ ಒಳಗೆ ಇರುವ ಕಾವು ಕಂಟ್ರೋಲರ್ ಹೇಳುವುದಕ್ಕಿಂತ ಹೆಚ್ಚು.

ಜೂನ್ 16

ಎಷ್ಟು ಹೆಚ್ಚು ಎಂದು ತಿಳಿಯಲು ಸುಳ್ಳು ಹೇಳದ ವಸ್ತು ಬೇಕು. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಪಾತ್ರೆಯ ಅಲ್ಯೂಮಿನಿಯಂ ಬೇಡ, ಅದರಲ್ಲಿ ಬೇರೆ ಲೋಹ ಸೇರಿರುತ್ತದೆ, ಬೇಗ ಮೆತ್ತಗಾಗುತ್ತದೆ; ವಿದ್ಯುತ್ ತಂತಿಯದು ಹೆಚ್ಚುಕಡಿಮೆ ಶುದ್ಧ. ಕಂಬದಿಂದ ಮನೆಗೆ ಎಳೆದು ಮಿಕ್ಕ ಸರ್ವಿಸ್ ತಂತಿಯ ಒಂದು ಎಳೆ ಮೂಲೆಯಲ್ಲಿ ಬಿದ್ದಿತ್ತು.

ಸುಮ್ಮನೆ ಹಲಗೆಯ ಮೇಲಿಟ್ಟರೆ ಆಗದು. ಅಲ್ಯೂಮಿನಿಯಂ ಒಳಗೆ ಕರಗಿದರೂ ಹೊರಗಿನ ಆಕ್ಸೈಡ್ ಪೊರೆ ಚೀಲದಂತೆ ಹಿಡಿದುಕೊಂಡು ಆಕಾರ ಉಳಿಸಿಕೊಳ್ಳುತ್ತದೆ. ಎಳೆಯನ್ನು ಎರಡು ಇಟ್ಟಿಗೆಗಳ ನಡುವೆ ಅಡ್ಡಲಾಗಿ ಇಟ್ಟು, ನಡುವಿನಿಂದ ಒಂದು ಪಿಂಗಾಣಿ ಮಣಿಯನ್ನು ತೂಗುಬಿಟ್ಟೆ. ಕೆಳಗೆ ಲೇಪ ಬಳಿದ ಒಡಕು ಅಚ್ಚು, ಹನಿ ಬಿದ್ದರೆ ಹಿಡಿಯಲು. ಥರ್ಮೋಕಪಲ್ ತುದಿಯಿಂದ ಎರಡು ಬೆರಳು ದೂರ. ಸುರುಳಿಗೆ ಅಲ್ಯೂಮಿನಿಯಂ ಎಲ್ಲೂ ತಾಗದಂತೆ ಎಚ್ಚರ ಬೇಕು, ತಾಗಿದರೆ ಕಾಂಥಾಲ್ ಹಾಳಾಗುತ್ತದೆ. 580ರವರೆಗೆ ಬೇಗ ಕಾಯಿಸಿ, ಅಲ್ಲಿಂದ ನಿಮಿಷಕ್ಕೆ ಒಂದು ಡಿಗ್ರಿ. ಕಪ್ಪು ಕನ್ನಡಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತೆ. ಒಳಗೆ ಮಂಕು ಕೆಂಪು. 610, 615, 620. ಮಣಿ ಅಲ್ಲೇ ಇತ್ತು. 627ರಲ್ಲಿ ತಂತಿ ಸ್ವಲ್ಪ ಜೋತಂತೆ ಕಂಡಿತು. 629, ಮಣಿ ಇರಲಿಲ್ಲ.

660ರಲ್ಲಿ ಇರುವುದನ್ನು 629 ಎನ್ನುತ್ತಿದೆ. 31 ಡಿಗ್ರಿ ಕಡಿಮೆ.

ಆ ಹೊತ್ತಿಗೆ ಥರ್ಮೋಕಪಲ್ಲಿನ ತಲೆ, ಅಂದರೆ ಭಟ್ಟಿಯ ಹೊರಗೆ ಹೊಸ ತಂತಿ ಸೇರಿಕೊಳ್ಳುವ ಜಾಗ, ಮುಟ್ಟಲು ಬಿಸಿಯಾಗಿತ್ತು. ಇನ್‌ಫ್ರಾರೆಡ್ ಗನ್ ಹಿಡಿದರೆ 62. ಗೋಡೆಯ ಮೇಲಿನ ಕಂಟ್ರೋಲರಿನ ಬಳಿ 30. ವ್ಯತ್ಯಾಸ 32. ಸ್ಟೂಲಿನ ಮೇಲೆಯೇ ಎದ್ದು ನಿಂತೆ.

ಥರ್ಮೋಕಪಲ್ ಕಾವನ್ನು ಅಳೆಯುವುದಿಲ್ಲ. ಎರಡು ತುದಿಗಳ ಕಾವಿನ ಅಂತರವನ್ನು ಮಿಲಿವೋಲ್ಟಿನಲ್ಲಿ ಹೇಳುತ್ತದೆ. ಒಂದು ತುದಿ ಭಟ್ಟಿಯೊಳಗೆ. ಇನ್ನೊಂದು ತುದಿ ತನ್ನ ಸ್ಕ್ರೂಗಳ ಬಳಿ ಇದೆ ಎಂದು ಕಂಟ್ರೋಲರ್ ನಂಬಿರುತ್ತದೆ, ಅಲ್ಲಿನ ಕಾವನ್ನು ತಾನೇ ಅಳೆದು ಕೂಡಿಕೊಳ್ಳುತ್ತದೆ. ಕೆ ಜಾತಿಯ ಥರ್ಮೋಕಪಲ್‌ನಲ್ಲಿ ಒಂದು ತಂತಿ ಕ್ರೋಮೆಲ್, ಇನ್ನೊಂದು ಅಲುಮೆಲ್. ಕಂಟ್ರೋಲರಿನವರೆಗೂ ಅದೇ ಲೋಹಗಳ ತಂತಿ ಹೋದರೆ ಅದರ ನಂಬಿಕೆ ನಿಜ. ನಡುವೆ ಮಾಮೂಲಿ ತಾಮ್ರದ ತಂತಿ ಹಾಕಿದರೆ ಆ ಇನ್ನೊಂದು ತುದಿ ಭಟ್ಟಿಯ ಪಕ್ಕದಲ್ಲೇ, 62 ಡಿಗ್ರಿಯಲ್ಲೇ ಉಳಿದುಬಿಡುತ್ತದೆ. ಕಂಟ್ರೋಲರ್ ಮಾತ್ರ 30 ಕೂಡಿಸಿಕೊಂಡು ಲೆಕ್ಕ ಮುಗಿಸುತ್ತದೆ. ಭಟ್ಟಿ ತಣ್ಣಗಿರುವಾಗ ಎರಡೂ ಕಡೆ 31, ಆದ್ದರಿಂದ ಎಲ್ಲ ಸರಿಯಾಗಿ ಕಾಣುತ್ತದೆ. ಆ ಫೋಟೊ ನನ್ನನ್ನು ಬೀಳಿಸಿದ್ದು ಹಾಗೆ.

ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. “ತಾಮ್ರಕ್ಕಿಂತ ಒಳ್ಳೆಯ ತಂತಿ ಯಾವುದಿದೆ ಮೇಡಂ?” ಎಂದರು. ಅವರ ಕಸುಬಿನಲ್ಲಿ ಅದು ಸರಿಯಾದ ಮಾತೇ. ಹೇಳಿ ಹೋಗದಿದ್ದುದು ನಾನು.

ಹಾಗಾದರೆ ಅನೀಲಿಂಗ್ ಕೂಡ ಕೆಟ್ಟಿರಬೇಕಲ್ಲ ಎಂಬ ದಿಗಿಲು ಆಮೇಲೆ ಹುಟ್ಟಿತು. ಅನೀಲಿಂಗ್ ಎಂದರೆ ಗಾಜನ್ನು ಸುಮಾರು 550ರಲ್ಲಿ ನಿಲ್ಲಿಸಿ, ಅಲ್ಲಿಂದ ಸಾವಕಾಶ ಇಳಿಸಿ, ಒಳಗಿನ ಬಿಗಿತ ಕಳೆಯುವುದು. ಲ್ಯಾಪ್‌ಟಾಪಿನಲ್ಲಿ ಬರೀ ಬಿಳಿ ಪರದೆ ತೆರೆದು, ಪೋಲರೈಸ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ, ನಡುವೆ ತಟ್ಟೆ ಹಿಡಿದೆ. ಗಾಜಿನಲ್ಲಿ ಬಿಗಿತವಿದ್ದರೆ ಆ ಕತ್ತಲಲ್ಲಿ ಬೆಳಕಿನ ಕಲೆಗಳು ಮೂಡುತ್ತವೆ. ತಾಮ್ರದ ಅಂಚಿನಲ್ಲಿ ಸಣ್ಣ ಮಿನುಗು ಬಿಟ್ಟರೆ ಬೇರೆ ಇರಲಿಲ್ಲ. ನಿಲ್ಲಿಸಿದ್ದು ತಪ್ಪಾದ ಕಾವಿನಲ್ಲಾದರೂ ಅಲ್ಲಿಂದ ಗಂಟೆಗೆ 60ರಂತೆ ಅಂಕಿ 450 ಆಗುವವರೆಗೆ ಇಳಿಸಿದ್ದೆ. ನಿಜವಾದ ಅನೀಲಿಂಗ್ ವಲಯ ಆ ನಿಧಾನದ ದಾರಿಯಲ್ಲೇ ಬಂದು ಹೋಗಿತ್ತು. ನನ್ನ ಜಾಣತನವಲ್ಲ, ಅಂಜುಬುರುಕತನ ಕಾಪಾಡಿತು.

ಜೂನ್ 18ರಿಂದ 20

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆ ಜಾತಿಯ ಕಾಂಪೆನ್ಸೇಟಿಂಗ್ ಕೇಬಲ್, ಅಂದರೆ ಅದೇ ಲೋಹಗಳ ತಂತಿ, ಮೂರು ಮೀಟರ್ ಸಿಕ್ಕಿತು. ಕೆಂಪು, ಹಳದಿ ಎರಡು ಎಳೆ. ಕೆಂಪು ಎಂದರೆ ಪ್ಲಸ್. ಬ್ಯಾಟರಿ ಹಿಡಿದ ಮಕ್ಕಳಿಗೂ ಗೊತ್ತು. ಎರಡೂ ಕಡೆ ಕೆಂಪನ್ನು ಪ್ಲಸ್ಸಿಗೆ ಬಿಗಿದು ಮತ್ತೆ ಮಣಿ ತೂಗುಬಿಟ್ಟು ಕೂತೆ.

ಈ ಸಲ ಮಣಿ 598ರಲ್ಲೇ ಬಿತ್ತು. ತಪ್ಪು ಹೋಗುವ ಬದಲು ಇಮ್ಮಡಿಯಾಗಿತ್ತು.

ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಕೇಬಲ್ ಎರಡೂ ತುದಿಯಲ್ಲಿ ತಿರುವುಮುರುವು ಆಗಿದ್ದರೆ ಥರ್ಮೋಕಪಲ್ಲಿನ ಪ್ಲಸ್ಸು ಕಂಟ್ರೋಲರಿನ ಪ್ಲಸ್ಸಿಗೇ ಹೋಗುತ್ತದೆ, ಹಾಗಾಗಿ ಅಂಕಿ ಏರುತ್ತದೆ, ಅನುಮಾನ ಬರುವುದಿಲ್ಲ. ಆದರೆ ಕೇಬಲ್ ತಾನು ಕೂಡಿಸಬೇಕಾದ 32 ಡಿಗ್ರಿಯನ್ನು ಕಳೆಯುತ್ತದೆ. ಅಮೆರಿಕದ ಸಂಕೇತದಲ್ಲಿ ಥರ್ಮೋಕಪಲ್ ತಂತಿಯ ಕೆಂಪು ಎಂದರೆ ಮೈನಸ್, ಕೆ ಜಾತಿಗೆ ಹಳದಿಯೇ ಪ್ಲಸ್. ಅಂತರರಾಷ್ಟ್ರೀಯ ಐಇಸಿ ಸಂಕೇತದ ಕೇಬಲ್ ಸಿಕ್ಕರೆ ಹಸಿರು ಪ್ಲಸ್, ಬಿಳಿ ಮೈನಸ್. ಬಣ್ಣ ನಂಬುವ ಬದಲು ಫ್ರಿಜ್ಜಿನ ಮೇಲಿನ ಆಯಸ್ಕಾಂತ ತಂದು ಎಳೆಗಳಿಗೆ ಹಿಡಿದೆ. ಅಲುಮೆಲ್ ಆಯಸ್ಕಾಂತಕ್ಕೆ ಅಂಟುತ್ತದೆ, ಕ್ರೋಮೆಲ್ ಅಂಟುವುದಿಲ್ಲ, ಅಲುಮೆಲ್ ಮೈನಸ್. ಕೆಂಪು ಎಳೆ ತಟ್ಟನೆ ಅಂಟಿಕೊಂಡಿತು.

ತಿರುಗಿಸಿ ಬಿಗಿದೆ. ಥರ್ಮೋಕಪಲ್ಲಿನ ತಲೆಯನ್ನು ಭಟ್ಟಿಯ ಗೋಡೆಯಿಂದ ಒಂದು ಗೇಣು ದೂರಕ್ಕೆ ಸರಿಸಿ ಸ್ಟೀಲ್ ಪಟ್ಟಿಯಲ್ಲಿ ಹಿಡಿಸಿದೆ. ಕೇಬಲ್ಲನ್ನು ಲೋಹದ ಬಳುಕು ಪೈಪಿನೊಳಗೆ ತೂರಿಸಿದೆ, ಇಲಿಯ ಹಲ್ಲಿಗೆ ಸಿಗದಂತೆ. ಮೂರನೆಯ ಮಣಿ 659ಕ್ಕೆ ಬಿತ್ತು.

ಉಳಿದ ಎರಡು ವಾರ

ಇಲ್ಲಿಂದ ಕೆಲಸ ಓಡಿತು. ಬೆಸೆಯಲು ನಾನು ಈಗ ನಡೆಸುವ ಕ್ರಮ ಹೀಗಿದೆ, ಫ್ಲೋಟ್ ಗಾಜಿಗೆ, 7 ಮಿ.ಮೀ. ದಪ್ಪಕ್ಕೆ: ಗಂಟೆಗೆ 200ರಂತೆ 540ರವರೆಗೆ, 150ರಂತೆ 670ಕ್ಕೆ ಹೋಗಿ ಅಲ್ಲಿ 40 ನಿಮಿಷ, ಮೇಲಿನ ಪದರ ನಿಧಾನವಾಗಿ ಕೂತು ಗಾಳಿಯನ್ನು ಅಂಚಿಗೆ ತಳ್ಳಲು, 300ರಂತೆ 825ಕ್ಕೆ, 10 ನಿಮಿಷ, ಮುಚ್ಚಳ ತೆರೆಯದೆ 550ಕ್ಕೆ ಇಳಿಯಲು ಬಿಟ್ಟು ಒಂದು ಗಂಟೆ, 60ರಂತೆ 450ಕ್ಕೆ, 100ರಂತೆ 350ಕ್ಕೆ, ಆಮೇಲೆ ಆಫ್. ಮುಚ್ಚಿದ ಹೊತ್ತಿನಿಂದ ತೆರೆಯುವವರೆಗೆ ಹದಿನೆಂಟು ಗಂಟೆ. ಬಿಳಿ ಪೊರೆ ಬರದಂತೆ ಮೇಲ್ಮೈಗೆ ಅಕ್ಕಸಾಲಿಗರು ಬಳಸುವ ಬಿಳಿಗಾರವನ್ನು ತೆಳುವಾಗಿ ನೀರಿನಲ್ಲಿ ಕರಗಿಸಿ ಸಿಂಪಡಿಸುತ್ತೇನೆ. ಲೇಪ ಕೆರೆಯುವಾಗ, ಫೈಬರ್ ಹೊದಿಕೆ ಮುಟ್ಟುವಾಗ ಮುಖಕ್ಕೆ ಸರಿಯಾದ ಮಾಸ್ಕ್. ಆ ದೂಳು ಶ್ವಾಸಕೋಶಕ್ಕೆ ಹೋಗಬಾರದು.

ಬಾಗಿಸುವಾಗ ಒಂದು ತಟ್ಟೆ ಒಡೆಯಿತು. ಒಡಕಿನ ಅಂಚು ಮುಟ್ಟಿ ನೋಡಿದೆ: ನುಣ್ಣಗೆ ದುಂಡಗಿತ್ತು. ಇಳಿಯುವಾಗ ಒಡೆದಿದ್ದರೆ ಅಂಚು ಬ್ಲೇಡಿನಂತೆ ಹರಿತ ಇರುತ್ತದೆ. ದುಂಡಗಿದ್ದರೆ ಏರುವಾಗಲೇ ಒಡೆದು, ಆಮೇಲಿನ ಕಾವಿಗೆ ಅಂಚು ಮೆತ್ತಗಾಗಿದೆ ಎಂದರ್ಥ. ಬಿಡಿ ಪದರಗಳಿಗೆ ಇಟ್ಟಿದ್ದ ಗಂಟೆಗೆ 200ರ ವೇಗವನ್ನೇ ಬೆಸೆದ ಬಿಲ್ಲೆಗೂ ಇಟ್ಟಿದ್ದೆ. 120ಕ್ಕೆ ಇಳಿಸಿದ ಮೇಲೆ ಮತ್ತೆ ಒಡೆಯಲಿಲ್ಲ. ಒಂದು ರಾತ್ರಿ ಅನೀಲಿಂಗಿಗೆ ಮುಂಚೆ 600ರ ಹತ್ತಿರ ಕರೆಂಟು ಮುಕ್ಕಾಲು ಗಂಟೆ ಹೋಯಿತು. ಇಟ್ಟಿಗೆಗಳು ಕಾವನ್ನು ಹಿಡಿದುಕೊಂಡವು. ಕಂಟ್ರೋಲರಿನಲ್ಲಿ ‘ನಿಂತಲ್ಲಿಂದ ಮುಂದುವರಿಸು’ ಎಂಬ ಆಯ್ಕೆ ಒತ್ತಿಟ್ಟಿದ್ದರಿಂದ ಬೆಳಿಗ್ಗೆ ತಟ್ಟೆಗಳು ಕ್ಷೇಮ.

ಜುಲೈ 7ಕ್ಕೆ, ಒಂದು ವಾರ ತಡವಾಗಿ, ಇಪ್ಪತ್ತನಾಲ್ಕೂ ಹೋದವು. ಮೈಕ್ರೋವೇವಿಗೆ ಇಡಬೇಡಿ, ಫ್ರಿಜ್ಜಿನಿಂದ ತೆಗೆದ ತಟ್ಟೆಗೆ ಬಿಸಿ ದೋಸೆ ಹಾಕಬೇಡಿ ಎಂದು ಚೀಟಿ ಬರೆದು ಪ್ರತಿ ಪೆಟ್ಟಿಗೆಯಲ್ಲಿ ಇಟ್ಟೆ.

ಲೆಕ್ಕ

ಬಂದದ್ದು 15,600. ಹೋದದ್ದು: ಹಾಳಾದವೂ ಸೇರಿ ಗಾಜು, ತಾಮ್ರ 2,100, ಅಚ್ಚು 600, ಕರೆಂಟು ಪರೀಕ್ಷೆಗಳೂ ಸೇರಿ ಸುಮಾರು 328 ಯೂನಿಟ್, ನಾನು ಹಿಡಿಯುವ 9 ರೂಪಾಯಿ ದರದಲ್ಲಿ 2,950, ಕೇಬಲ್ ಮತ್ತು ಬೆಂಗಳೂರಿನ ಓಡಾಟ 1,100, ಪ್ಯಾಕಿಂಗ್, ಸಾಗಣೆ 2,400, ಶೆಡ್ಡಿನ ಬಾಡಿಗೆ 9,000. ಒಟ್ಟು 18,150. ಕೂಲಿ ಹಿಡಿಯುವ ಮುನ್ನವೇ 2,550 ಕೈಯಿಂದ ಹೋಗಿತ್ತು.

ಇಲಿಯ ಮೇಲೆ ಹೊರಿಸಿ ಸುಮ್ಮನಾಗಬಹುದಿತ್ತು. ಆದರೆ ತಂತಿ ಸರಿಯಾಗಿದ್ದಿದ್ದರೂ 650 ಗಿಟ್ಟುತ್ತಿರಲಿಲ್ಲ. ನಾನು ಬೆಲೆ ಕಟ್ಟಿದ್ದು ಗಾಜಂಗಡಿಯವರಂತೆ, ಚದರಡಿಯ ಮೇಲೆ. ತಟ್ಟೆಗೆ ಬೇಕಾದ ಗಾಜು ಒಂದು ಚದರಡಿಯೂ ಇಲ್ಲ, ನಲವತ್ತು ರೂಪಾಯಿ ಅಷ್ಟೆ. ಈ ಕಸುಬಿನಲ್ಲಿ ದುಬಾರಿಯಾದದ್ದು ಭಟ್ಟಿಯ ದಿನ. ದಿನಕ್ಕೆ ಒಂದೇ ಸಲ ಉರಿಸಬಹುದು, ತಿಂಗಳಿಗೆ ಇಪ್ಪತ್ತು ಸಲ ಎಂದಿಟ್ಟುಕೊಂಡರೆ ಬಾಡಿಗೆಯ ಪಾಲು 450, ಕರೆಂಟು 160, ಸುರುಳಿ ಮತ್ತು ಹಲಗೆಯ ಸವೆತಕ್ಕೆ 100, ನನ್ನ ಕೂಲಿ 1,000. ಹತ್ತಿರ ಹತ್ತಿರ 1,700 ರೂಪಾಯಿ ಒಂದು ಭಟ್ಟಿ ದಿನಕ್ಕೆ. ನಾಲ್ಕು ತಟ್ಟೆಗೆ ಎರಡು ದಿನ ಬೇಕು, ಅಂದರೆ ತಟ್ಟೆಗೆ 850. ಗಾಜು, ತಾಮ್ರ, ಪ್ಯಾಕಿಂಗ್ 130, ಒಡೆಯುವುದಕ್ಕೆ ನೂರಕ್ಕೆ ಹತ್ತು. ಹೇಗೆ ತಿರುಗಿಸಿದರೂ 1,080.

ಈ ಲೆಕ್ಕದಿಂದ ಇನ್ನೊಂದು ಹೊಳೆಯಿತು. 15 ಸೆಂ.ಮೀ. ಚೌಕವಾದರೆ ಅದೇ ಹಲಗೆಯ ಮೇಲೆ ಸಾಲಿಗೆ ಮೂರರಂತೆ ಒಂಬತ್ತು ಕೂರುತ್ತವೆ, ನಡುವೆ ಬೆರಳಗಲ ಜಾಗ ಬಿಟ್ಟು. ಅದೇ ಎರಡು ದಿನ, ಅದೇ 3,400 ರೂಪಾಯಿ, ಒಂಬತ್ತಕ್ಕೆ ಹಂಚಿದರೆ ತಟ್ಟೆಗೆ 380ರ ಒಳಗೆ. ಅಳತೆ ಐದು ಸೆಂ.ಮೀ. ಕಡಿಮೆಯಾದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಗಿರಾಕಿಯ ಮೇಜಿಗಿಂತ ಮೊದಲು ನನ್ನ ಹಲಗೆಯನ್ನು ಅಳೆಯಬೇಕಿತ್ತು. ಜಿಎಸ್‌ಟಿಯ ಚಿಂತೆ ಸದ್ಯಕ್ಕಿಲ್ಲ. ರಾಜ್ಯದೊಳಗೆ ಸರಕು ಮಾರುವವರಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಮಾತ್ರ ನೋಂದಣಿ ಕಡ್ಡಾಯ. ಈ ವೇಗದಲ್ಲಿ ನನ್ನ ಮೊಮ್ಮಕ್ಕಳು ಅದನ್ನು ಯೋಚಿಸಿದರೆ ಸಾಕು.

ಮೊನ್ನೆ ಆ ದಂಪತಿ ಫೋನ್ ಮಾಡಿ ಇನ್ನೂ ಹನ್ನೆರಡು ತಟ್ಟೆ ಬೇಕು ಎಂದರು, ಹಳೆಯ ದರಕ್ಕೇ. 20 ಸೆಂ.ಮೀ. ಆದರೆ 1,100, 15 ಸೆಂ.ಮೀ. ಆದರೆ 550 ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಆಕೆ, “ಚಿಕ್ಕದರಲ್ಲಿ ಎರಡು ಇಡ್ಲಿ ಹಿಡಿಯುತ್ತವೆಯೇ?” ಎಂದು ಕೇಳಿದರು. ಹಿಡಿಯುತ್ತವೆ, ಚಟ್ನಿಗೆ ಬೇರೆ ಬಟ್ಟಲು ಬೇಕು ಎಂದೆ. ಹದಿನೆಂಟಕ್ಕೆ ಒಪ್ಪಿದ್ದಾರೆ, ಎರಡು ಭರ್ತಿ ಹಲಗೆ. ಒಂಬತ್ತು ಅಚ್ಚಿಗೆ ತಾತನ ಬಳಿ ಹೋಗಬೇಕು, ಗಣೇಶನ ಹಬ್ಬ ಮುಗಿಯುವವರೆಗೆ ಅವರು ಏನನ್ನುತ್ತಾರೋ.

ಇವತ್ತು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಕೇಬಲ್ಲಿನ ಪೈಪು ಹಾಗೇ ಇತ್ತು. ಹೊಸದಾಗಿ ತಂದಿಟ್ಟ ಪ್ಯಾಕಿಂಗ್ ರಟ್ಟಿನ ಪೆಟ್ಟಿಗೆಗಳಲ್ಲಿ ಮೂರರ ಮೂಲೆ ಹೋಗಿತ್ತು.